ಕಾಸು ಕಮ್ಮಿ, ಕಾಸ್‌ಪ್ಲೇ ಜೋರು: ಕನ್ನಡದ ಮಾತಿನಾಟವನ್ನು ಮೈಮೇಲೆ ತೊಡುವುದು ಹೇಗೆ?

ದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜಿ ನನ್ನ ಕೋಟಿನ ಮೇಲಿದ್ದ ಹಗ್ಗವನ್ನು ಬೆರಳಿಟ್ಟು ಎಣಿಸಿದರು. ಮೊದಲು "ಯಾಕಪ್ಪಾ ತಮ್ಮಾ, ಹಿಂಗೆ ಹಗ್ಗ ಸುತ್ಕಂಡಿದೀಯ?" ಎಂದು ಕೇಳಿದ್ದರು. "ಎಣಿಸಿ ನೋಡಜ್ಜಿ" ಅಂದೆ, ಅಷ್ಟೇ. ಒಂದು, ಎರಡು, ಮೂರು ಎನ್ನುತ್ತಾ ಬೆರಳು ಸೊಂಟದವರೆಗೆ ಇಳಿಯಿತು. ಏಳಕ್ಕೆ ನಿಂತಿತು. ನನ್ನ ಮುಖ ನೋಡಿದರು, ಮತ್ತೆ ಕೋಟು ನೋಡಿದರು. "ಅಯ್ಯೋ, ಏಳು ಸುತ್ತಿನ ಕೋಟು ಅಲ್ಲೇನಪ್ಪಾ ಇದು!" ಎಂದು ಪಕ್ಕದಲ್ಲಿದ್ದ ಮೊಮ್ಮಗಳ ತೊಡೆಗೆ ತಟ್ಟಿ ನಕ್ಕರು. ಆಮೇಲೆ ಬಸ್ಸು ಬರುವ ತನಕ ಬಂದವರಿಗೆಲ್ಲ ಅವರೇ ನನ್ನ ಕೋಟು ತೋರಿಸಿದರು.

ಈ ಬರಹದಲ್ಲಿ ನಾನು ಹೇಳಬೇಕೆಂದಿರುವುದು ಆ ಅಜ್ಜಿ ಮಾಡಿದ್ದನ್ನೇ. ಮಾತಿನಾಟದ ವೇಷದಲ್ಲಿ ಕೊನೆಯ ಹೆಜ್ಜೆ ನೋಡುವವರದ್ದು. ನೀವು ವಸ್ತು ತೋರಿಸಬೇಕು, ಪದ ಅವರ ಬಾಯಿಂದ ಬರಬೇಕು. ಕೋಟಿನ ಬೆನ್ನ ಮೇಲೆ "ಏಳು ಸುತ್ತಿನ ಕೋಟು" ಎಂದು ನಾನು ಬರೆಸಿದ್ದರೆ ಅಜ್ಜಿ ಓದಿ ಸುಮ್ಮನಾಗುತ್ತಿದ್ದರು. ಬರೆದಿರಲಿಲ್ಲ. ಅದಕ್ಕೇ ಆ ಪದ ಅವರದಾಯಿತು.

ಈ ಆಟ ಎಲ್ಲಿಂದ ಬಂತು

ಕಾಸ್‌ಪ್ಲೇ ಎಂದರೆ ಕಥೆ, ಕಾಮಿಕ್ಸ್, ಅನಿಮೆ (ಜಪಾನಿನ ಕಾರ್ಟೂನ್), ಗೇಮ್‌ಗಳಲ್ಲಿ ಬರುವ ಪಾತ್ರದ ವೇಷ ತೊಟ್ಟು ಅಭಿಮಾನಿಗಳ ಸಮಾವೇಶಕ್ಕೆ ಹೋಗುವುದು. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ವಿಜ್ಞಾನ ಕಥೆಗಳ ಮೊದಲ ವಿಶ್ವ ಸಮಾವೇಶ ನಡೆಯಿತು. ಅಲ್ಲಿಗೆ ಫಾರೆಸ್ಟ್ ಆಕರ್‌ಮನ್ ಮತ್ತು ಮರ್ಟಲ್ ಡಗ್ಲಸ್ ಭವಿಷ್ಯದ ಕಾಲದವರಂತೆ ಬಟ್ಟೆ ತೊಟ್ಟು ಬಂದಿದ್ದರು. ಆ ಬಟ್ಟೆ ಹೊಲಿದವರು ಮರ್ಟಲ್. ಹೆಸರು ಬಂದಿದ್ದು ತುಂಬಾ ತಡವಾಗಿ. 1980ರ ದಶಕದಲ್ಲಿ ಜಪಾನಿನ ನೊಬುಯುಕಿ ತಾಕಾಹಾಶಿ ಕಾಸ್ಟ್ಯೂಮ್ ಮತ್ತು ಪ್ಲೇ ಎರಡನ್ನೂ ಕತ್ತರಿಸಿ ಜೋಡಿಸಿದರು. ನಮ್ಮಲ್ಲಿ 2011ರಲ್ಲಿ ದೆಹಲಿಯಲ್ಲಿ ಕಾಮಿಕ್ ಕಾನ್ ಎಂಬ ಇಂಥದೇ ಸಮಾವೇಶ ಶುರುವಾಯಿತು, ಮರುವರ್ಷ ಬೆಂಗಳೂರಿಗೂ ಬಂತು. ಅಲ್ಲಿಗೆ ದಾವಣಗೆರೆಯಿಂದ ಸುಮಾರು 260 ಕಿಲೋಮೀಟರ್. ಈಗ ನಮ್ಮ ಕಡೆಯ ಹುಡುಗರೂ ಬೆಳಗಿನ ರೈಲು ಹಿಡಿದು ಹೋಗುತ್ತಾರೆ.

ನನಗೆ ಇಷ್ಟವಾದದ್ದು ಆ ಸಮಾವೇಶಗಳಲ್ಲಿ ಕಾಣುವ ಒಂದು ಪಂಗಡ. ಅವರು ಬರೀ ಪಾತ್ರ ತೊಡುವುದಿಲ್ಲ, ಪಾತ್ರದ ಹೆಸರನ್ನು ತಿರುಚಿ ತೊಡುತ್ತಾರೆ. ಇಂಗ್ಲಿಷಿನಲ್ಲಿ ಬಹಳ ಹಳೆಯದೊಂದು ಇದೆ: ಬೆಳಗಿನ ತಿಂಡಿಯ ಸೀರಿಯಲ್ ಡಬ್ಬಗಳಿಗೆ ಪ್ಲಾಸ್ಟಿಕ್ ಚಾಕು ಚುಚ್ಚಿ ಅಂಗಿಗೆ ಅಂಟಿಸಿಕೊಂಡು ಸೀರಿಯಲ್ ಕಿಲ್ಲರ್ (ಸರಣಿ ಕೊಲೆಗಾರ) ಆಗುವುದು. ಅದನ್ನು ನಮ್ಮೂರಲ್ಲಿ ಹಾಗೇ ಹಾಕಿಕೊಂಡರೆ ಯಾರಿಗೂ ತಲುಪಲ್ಲ. ಬೆಣ್ಣೆ ದೋಸೆ ತಿಂದು ದಿನ ಶುರು ಮಾಡುವ ಊರು ನಮ್ಮದು, ಆ ಡಬ್ಬ ನೋಡಿದವರೇ ಕಮ್ಮಿ. ಮಾತಿನಾಟ ಅನುವಾದ ಆಗುವುದಿಲ್ಲ. ಆಯಾ ಭಾಷೆಯಲ್ಲಿ ಹೊಸದಾಗಿ ಹುಟ್ಟಬೇಕು.

ಹುಟ್ಟಿಸುವ ಶಕ್ತಿ ನಮ್ಮ ಸೀಮೆಗೆ ಚೆನ್ನಾಗಿಯೇ ಇದೆ. ದಾವಣಗೆರೆ ರಂಗನಟಿ ಚಿಂದೋಡಿ ಲೀಲಾ ಅವರ ಊರು, ನಾಟಕ ಕಂಪನಿಗಳ ಊರು. ಕಂಪನಿ ನಾಟಕದ ಹಾಸ್ಯಗಾರ ಒಂದೇ ಪದವನ್ನು ಎರಡು ಸಲ ಹೇಳಿ ಇಡೀ ಟೆಂಟು ನಗಿಸುತ್ತಿದ್ದ. ಹಾಸ್ಯ ಬರಹಗಾರ ಬೀಚಿ ಹುಟ್ಟಿದ್ದು 1913ರಲ್ಲಿ ಹರಪನಹಳ್ಳಿಯಲ್ಲಿ. ಆ ತಾಲ್ಲೂಕು ಕೆಲವು ವರ್ಷ ದಾವಣಗೆರೆ ಜಿಲ್ಲೆಯಲ್ಲೇ ಇತ್ತು. ಅವರು ತಮ್ಮ ಹೆಸರನ್ನು ಅರ್ಧ ಕನ್ನಡ ಅಕ್ಷರದಲ್ಲಿ, ಅರ್ಧ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಕಿವಿಗೆ ಒಂದೇ ಹೆಸರು, ಕಣ್ಣಿಗೆ ಮಾತ್ರ ಆಟ. ನಮ್ಮ ವೇಷದ ಕೆಲಸವೂ ಹಾಗೇ, ಕಣ್ಣಿನ ದಾರಿಯಲ್ಲಿ ಕಿವಿಗೆ ಹೋಗುವುದು.

ಹೆಜ್ಜೆ 1: ಪದ ಹುಡುಕಿ

ಬಟ್ಟೆ, ಬಣ್ಣ, ಗ್ಲೂ ಗನ್ ಎಲ್ಲ ಆಮೇಲೆ. ಮೊದಲು ಒಂದು ನೋಟ್‌ಬುಕ್ ಇಟ್ಟುಕೊಂಡು ಒಂದು ವಾರ ಸುಮ್ನೆ ಕೇಳಿಸಿಕೊಳ್ಳಿ. ಬಸ್ ಕಂಡಕ್ಟರ್ ಕೂಗುವ ಊರುಗಳು, ಮಂಡಿಪೇಟೆಯ ಅಂಗಡಿ ಬೋರ್ಡುಗಳು, ಅಮ್ಮ ಬೈಯುವಾಗ ಬಳಸುವ ಮಾತು, ಎಲ್ಲ ಬರೆದಿಡಿ. ನಾನು ಈ ಪದಗಳನ್ನು ನಾಲ್ಕು ಗುಂಪು ಮಾಡಿಕೊಂಡಿದ್ದೇನೆ.

ಮೊದಲನೆಯದು, ಇದ್ದಂತೆಯೇ ಎರಡು ಅರ್ಥ ಕೊಡುವ ಪದ. ಹಳೆಯ ಅಲಂಕಾರಶಾಸ್ತ್ರದಲ್ಲಿ ಇದಕ್ಕೆ ಅಭಂಗ ಶ್ಲೇಷೆ ಎನ್ನುತ್ತಾರೆ, ಎಂದರೆ ಪದವನ್ನು ಮುರಿಯದೆ ಆಡುವ ಆಟ. ಅರಸು ಎಂದರೆ ದೊರೆ, ಅರಸು ಎಂದರೆ ಹುಡುಕು. ಕಿರೀಟ ಇಟ್ಟುಕೊಂಡ ಒಬ್ಬ ಕೈಯಲ್ಲಿ ಟಾರ್ಚು ಹಿಡಿದು ಕುರ್ಚಿ ಕೆಳಗೆಲ್ಲ ಬಗ್ಗಿ ನೋಡುತ್ತಿದ್ದರೆ ವೇಷ ಮುಗಿಯಿತು. ಹತ್ತು, ಆರು, ಏಳು ಮೂರೂ ಅಂಕಿಯೂ ಹೌದು, ಕ್ರಿಯಾಪದವೂ ಹೌದು. ಕಾಡು, ಕಲಿ, ಬೆಳೆ, ಅಡಿ, ಹರಿ ಇವನ್ನೂ ಬರೆದಿಟ್ಟುಕೊಳ್ಳಿ. ಹರಿಯಂತೂ ದೇವರು, ಹರಿಯುವ ನೀರು, ಬಟ್ಟೆ ಹರಿಯುವುದು ಮೂರಕ್ಕೂ ಬರುತ್ತದೆ.

ಎರಡನೆಯದು, ಮುರಿದರೆ ಬೇರೆ ಅರ್ಥ ಕೊಡುವ ಪದ. ಇದು ಸಭಂಗ ಶ್ಲೇಷೆ. ಇದರಲ್ಲಿ ದಾವಣಗೆರೆ, ಚಿತ್ರದುರ್ಗ ಎಂಬ ನಮ್ಮ ಎರಡು ಜಿಲ್ಲೆಗಳಷ್ಟು ಶ್ರೀಮಂತ ಜಾಗ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ. ತಾಲ್ಲೂಕುಗಳ ಹೆಸರು ಓದಿ ನೋಡಿ. ಜಗಳೂರು: ಜಗಳ, ಊರು. ಇಬ್ಬರು ಗೆಳೆಯರು ಸೇರಿ ತೊಡುವುದಾದರೆ ಇದಕ್ಕಿಂತ ಸುಲಭ ಯಾವುದೂ ಇಲ್ಲ. ರಟ್ಟಿನಲ್ಲಿ ಪುಟ್ಟ ಮನೆಗಳ ಸಾಲು ಮಾಡಿ ಇಬ್ಬರ ಹೆಗಲ ಮೇಲೂ ಅಡ್ಡಲಾಗಿ ಇಡಿ. ಕೆಳಗೆ ಇಬ್ಬರೂ ಜಗಳ ಆಡುತ್ತಲೇ ನಡೆಯಿರಿ. ಮೊಳಕಾಲ್ಮೂರು: ಮೊಳಕಾಲು ಮೂರು! ಹಳೆ ಪ್ಯಾಂಟಿನ ಕಾಲಿಗೆ ಹತ್ತಿ ತುಂಬಿ ಮಧ್ಯೆ ಮೂರನೇ ಕಾಲು ಹೊಲಿಯಿರಿ. ಮೂರಕ್ಕೂ ಮಂಡಿಚಿಪ್ಪಿನ ಜಾಗದಲ್ಲಿ ರೇಷ್ಮೆ ಸೀರೆಯ ಅಂಚಿನ ತುಂಡು ಕಟ್ಟಿ. ಆ ಊರು ರೇಷ್ಮೆ ಸೀರೆಗೆ ಹೆಸರಾದದ್ದು. ಕಾಲು ನೋಡಿ ಗೊತ್ತಾಗದವರಿಗೆ ಅಂಚು ನೋಡಿ ಗೊತ್ತಾಗುತ್ತದೆ.

ದಾವಣಗೆರೆಯನ್ನೇ ತೊಡಬಹುದು. ಲಂಗ ದಾವಣಿ ಹಾಕಿಕೊಂಡು, ದಾವಣಿಯ ಮೇಲೆ ದಪ್ಪ ಗೆರೆ ಎಳೆಯಿರಿ. ಅಷ್ಟೇ. ಊರಿನ ಹೆಸರಿನಲ್ಲಿರುವ ಗೆರೆ ನಿಜಕ್ಕೂ ಕೆರೆ, ಆದರೆ ಕಿವಿಗೆ ಗೆರೆ ಎಂದೇ ಕೇಳುತ್ತದಲ್ವಾ? ಬಿಳಿ ದಾವಣಿಗೆ ಕಪ್ಪು ಫ್ಯಾಬ್ರಿಕ್ ಪೇಂಟಿನಲ್ಲಿ, ಸ್ಕೇಲ್ ಇಟ್ಟು ಎಳೆದ ಗೆರೆಯೇ ಚೆನ್ನ. ಅಚ್ಚಾದ ಪಟ್ಟೆ ಬಟ್ಟೆ ತಂದರೆ ಕೆಲಸ ಕೆಡುತ್ತದೆ, ಜನ ಅದನ್ನು ಡಿಸೈನ್ ಎಂದುಕೊಂಡು ಮುಂದೆ ಹೋಗುತ್ತಾರೆ. ಗೆರೆ ಎಳೆದದ್ದು ಕಾಣಬೇಕು. ಬೇಕಿದ್ದರೆ ಸ್ಕೇಲನ್ನೇ ಸೊಂಟಕ್ಕೆ ಸಿಕ್ಕಿಸಿ.

ಮಂಡಕ್ಕಿಯೂ ಹೀಗೇ. ಮಂಡೆ ಎಂದರೆ ತಲೆ. ಮಂಡೆ, ಅಕ್ಕಿ ಕೂಡಿದರೆ ಲೋಪಸಂಧಿಯಾಗಿ ಮಂಡಕ್ಕಿಯೇ ಆಗುತ್ತದೆ. ಟೋಪಿಯ ತುಂಬ ಫೆವಿಕಾಲ್ ಸವರಿ ಅಕ್ಕಿ ಅಂಟಿಸಿ. ಇನ್ನೂ ಒಂದು ಮೆಟ್ಟಿಲು ಹತ್ತಬೇಕೆಂದರೆ ಆ ಅಕ್ಕಿಯ ಮೇಲೆ ಒಂದು ಹಕ್ಕಿ ಬೊಂಬೆ ಕೂರಿಸಿ. ಹಕಾರ ಬಿಟ್ಟು ಮಾತಾಡುವವರ ಬಾಯಲ್ಲಿ ಅದೂ ಅಕ್ಕಿಯೇ. ಕೈಯಲ್ಲೊಂದು ಕಾಗದದ ಪೊಟ್ಟಣ, ಅದರೊಳಗೆ ಕೆಂಪು ಹಸಿರು ಬಟ್ಟೆಯ ಮಿರ್ಚಿ ಇದ್ದರೆ ದಾವಣಗೆರೆಯವರು ದೂರದಿಂದಲೇ ಕೂಗುತ್ತಾರೆ.

ಮೂರನೆಯದು, ಎರಡು ಭಾಷೆ ಡಿಕ್ಕಿ ಹೊಡೆಯುವ ಪದ. ಸಮಾವೇಶಕ್ಕೆ ಇದು ಹೇಳಿ ಮಾಡಿಸಿದ್ದು, ಏಕೆಂದರೆ ಅಲ್ಲಿಯ ಪಾತ್ರಗಳ ಹೆಸರೆಲ್ಲ ಹೊರಗಿನವು. ಮಾರ್ವೆಲ್ ಸಿನಿಮಾಗಳ, ಕೊಂಬಿನ ಕಿರೀಟದ ಲೋಕಿ ಗೊತ್ತಲ್ಲ? ಹಸಿರು ಅಂಗಿ, ಬಂಗಾರದ ಬಣ್ಣದ ಕೊಂಬು, ಸೊಂಟಕ್ಕೆ ದೊಡ್ಡ ಬೀಗದ ಕೈ ಗೊಂಚಲು. ಗೆಳೆಯ ಹಿಂದಿನಿಂದ "ಲೋ, ಕೀ ಕೊಡೋ!" ಎಂದು ಕೂಗಬೇಕು. ಡ್ರ್ಯಾಗನ್ ಬಾಲ್ ಅನಿಮೆಯಲ್ಲಿ ಕಿತ್ತಳೆ ಬಟ್ಟೆಯ, ಮುಳ್ಳು ಕೂದಲಿನ ಗೋಕು ಇದ್ದಾನಲ್ಲ, ಅವನ ತಲೆಗೆ ನವಿಲುಗರಿ ಸಿಕ್ಕಿಸಿ ಕೈಗೆ ಬೆಣ್ಣೆ ಗಡಿಗೆ ಕೊಡಿ. ಗೋಕು-ಲಾಷ್ಟಮಿ! ಗಡಿಗೆಯ ಬಾಯಿಗೆ ಒಂದು ಬಟ್ಟೆಯ ದೋಸೆ ಮುಚ್ಚಿದರೆ ಆ ಗೋಕು ನಮ್ಮೂರಿನವನೇ. ಇನ್ನು ಜೇಡ ಮನುಷ್ಯ, ಅದೇ ಸ್ಪೈಡರ್ ಮ್ಯಾನ್. ಕನ್ನಡದಲ್ಲಿ ಜೇಡರ ಎಂದರೆ ನೇಯುವವನು. ಅವನ ಕೆಂಪು ನೀಲಿ ಅಂಗಿ ತೊಟ್ಟು, ಕುತ್ತಿಗೆಗೆ ರಟ್ಟಿನ ಪುಟ್ಟ ಕೈಮಗ್ಗ ನೇತುಹಾಕಿ, ಬಲೆ ಬಿಡುವ ಬದಲು ಸೀರೆ ನೇಯುತ್ತಾ ನಿಲ್ಲಿ. ನನ್ನ ಪಟ್ಟಿಯಲ್ಲಿ ಎಲ್ಲಕ್ಕಿಂತ ಚೆಂದದ್ದು ಇದೇ. ಎಲ್ಲರಿಗೂ ತಲುಪುವುದಿಲ್ಲ, ತಲುಪಿದವರು ಮರೆಯುವುದಿಲ್ಲ.

ನಾಲ್ಕನೆಯದು ಹೊಸಬರಿಗೆ, ಮಕ್ಕಳಿಗೆ. ನುಡಿಗಟ್ಟನ್ನು ಅಕ್ಷರ ಅಕ್ಷರವಾಗಿ ತೊಡುವುದು. ತಂತಿಗೆ ಕಪ್ಪು ಕಾಗದದ ಕಾಗೆ ಕಟ್ಟಿ ತಲೆಯ ಸುತ್ತ ತಿರುಗಿಸಿದರೆ ಕಾಗೆ ಹಾರಿಸುವವನು. ಅಸ್ಥಿಪಂಜರದ ವೇಷ ಮನೆಯಲ್ಲಿದ್ದರೆ ದಾರಕ್ಕೆ ಪ್ಲಾಸ್ಟಿಕ್ ಬುರುಡೆ ಕಟ್ಟಿ ಕೆಳಗೆ ಬಿಡುತ್ತಾ ಹೋಗಿ, ಬುರುಡೆ ಬಿಡುವವನಾದಿರಿ. ಹತ್ತಾರು ಪೇಪರ್ ಟೋಪಿ ಮಾಡಿಕೊಂಡು ಎದುರು ಬಂದವರಿಗೆಲ್ಲ ಕೇಳಿ ಕೇಳಿ ಟೋಪಿ ಹಾಕಿ. ಇದರ ಚೆಂದ ಏನೆಂದರೆ, ಸಂಜೆ ಹೊತ್ತಿಗೆ ಅರ್ಧ ಸಮಾವೇಶ ನಿಮ್ಮ ವೇಷದ ಭಾಗವಾಗಿರುತ್ತದೆ.

ಹೆಜ್ಜೆ 2: ಮೂರು ಜನರ ಮುಂದೆ ಇಡಿ

ಪದ ಸಿಕ್ಕ ಖುಷಿಯಲ್ಲಿ ಹೊಲಿಯಲು ಕೂರಬೇಡಿ. ಒಂದು ಕಾಗದದ ಮೇಲೆ ವೇಷ ಬರೆದು, ಹೆಸರು ಹೇಳದೆ ಮೂರು ಜನಕ್ಕೆ ತೋರಿಸಿ: ಒಬ್ಬ ಗೆಳೆಯ, ಒಬ್ಬ ಹಿರಿಯರು, ಹತ್ತು ವರ್ಷದ ಒಂದು ಮಗು. ಮೂವರಲ್ಲಿ ಇಬ್ಬರು ತಾವಾಗಿಯೇ ಪದ ಹೇಳಿದರೆ ಮುಂದುವರಿಯಿರಿ. ಯಾರೂ ಹೇಳದಿದ್ದರೆ ಪದ ಕೆಟ್ಟದ್ದೆಂದಲ್ಲ, ಸುಳಿವು ಸಾಲದು. ಒಂದು ವಸ್ತು ಸೇರಿಸಿ ಮತ್ತೆ ತೋರಿಸಿ. ಮೂವರೂ ನೋಡಿದ ಕೂಡಲೇ ಹೇಳಿಬಿಟ್ಟರೆ ಒಂದು ವಸ್ತು ತೆಗೆಯಿರಿ. ಯೋಚಿಸಲು ಒಂದು ಉಸಿರಿನಷ್ಟು ಹೊತ್ತು ಬೇಕು. ಅಜ್ಜಿಯ ಬೆರಳು ಏಳಕ್ಕೆ ನಿಂತಿತಲ್ಲ, ಅಷ್ಟು.

ಹೆಜ್ಜೆ 3: ಸುಳಿವು ಎರಡೇ ಇರಲಿ

ಒಳ್ಳೆಯ ವೇಷದಲ್ಲಿ ಎರಡು ಸುಳಿವು ಇರುತ್ತವೆ, ಪದದ ಒಂದೊಂದು ಅರ್ಥಕ್ಕೆ ಒಂದೊಂದು. ಮೊದಲಿನದು ದೂರದಿಂದ ಕಾಣಬೇಕು: ಕಿರೀಟ, ಕೊಂಬು, ಬಣ್ಣ. ಎರಡನೆಯದು ಹತ್ತಿರ ಬಂದಾಗ ಸಿಗಬೇಕು: ಟಾರ್ಚು, ಕೀ ಗೊಂಚಲು, ಗೆರೆ. ಎರಡೂ ದೂರದಿಂದಲೇ ಕಂಡರೆ ಯಾರೂ ಹತ್ತಿರ ಬರುವುದಿಲ್ಲ. ಮೂರನೆಯದು ನಾಲ್ಕನೆಯದು ಸೇರಿಸುತ್ತಾ ಹೋದರೆ ಯಾವುದು ಮುಖ್ಯ ಎಂದು ಗೊತ್ತಾಗದೆ ಜನ ಗಲಿಬಿಲಿಯಾಗುತ್ತಾರೆ. ಬೋರ್ಡು ಮಾತ್ರ ಬೇಡವೇ ಬೇಡ. ಸ್ಪರ್ಧೆಯ ವೇದಿಕೆಗೆ ಹೆಸರು ಕೊಡಲೇಬೇಕಾದರೆ ನಿರೂಪಕರಿಗೆ ಚೀಟಿ ಕೊಟ್ಟು, ನಾಲ್ಕು ಹೆಜ್ಜೆ ನಡೆದ ಮೇಲೆ ಓದಿ ಎಂದು ಕೇಳಿಕೊಳ್ಳಿ.

ಹೆಜ್ಜೆ 4: ಏಳು ಸುತ್ತಿನ ಕೋಟು, ಪೂರ್ತಿಯಾಗಿ

ಒಂದನ್ನಾದರೂ ಮೊದಲಿನಿಂದ ಕೊನೆಯವರೆಗೆ ಮಾಡಿ ತೋರಿಸುತ್ತೇನೆ. ಚಿತ್ರದುರ್ಗದ ಏಳು ಸುತ್ತಿನ ಕೋಟೆ ಯಾರಿಗೆ ಗೊತ್ತಿಲ್ಲ! ಕೋಟೆ ಕೋಟಾಗಲು ಕೊನೆಯ ಸ್ವರ ಒಂದು ಬದಲಾದರೆ ಸಾಕು. ಸುತ್ತು ಎಂಬ ಪದ ಎರಡೂ ಕಡೆ ಹಾಗೇ ಕೂರುತ್ತದೆ.

ಮೊದಲ ಸಲ ನಾನು ಕೋಟು ತೊಟ್ಟ ಮೇಲೆ ಒಂದೇ ಉದ್ದ ಹಗ್ಗವನ್ನು ಏಳು ಸಲ ಸುತ್ತಿಕೊಂಡಿದ್ದೆ. ಎರಡು ಗಂಟೆಯಲ್ಲಿ ಹಗ್ಗ ಜಾರಿ ಸುತ್ತುಗಳೆಲ್ಲ ಸೊಂಟದ ಮೇಲೆ ರಾಶಿಯಾದವು. ಎಣಿಸಲು ಆಗುತ್ತಿರಲಿಲ್ಲ. ಕೋಟು ಬಿಚ್ಚಲೂ ಆಗುತ್ತಿರಲಿಲ್ಲ. ಆಮೇಲೆ ಕಂಡುಕೊಂಡ ದಾರಿ ಇದು.

ಬೂದು ಬಣ್ಣದ ಹಳೆಯ ಕೋಟು ತನ್ನಿ. ಮದುವೆಗೆ ಹೊಲಿಸಿ ಬೀರುವಿನಲ್ಲಿಟ್ಟದ್ದು ಎಲ್ಲರ ಮನೆಯಲ್ಲೂ ಒಂದಿರುತ್ತದೆ. ಇಲ್ಲದಿದ್ದರೆ ನಾಟಕದ ಡ್ರೆಸ್ ಬಾಡಿಗೆಗೆ ಕೊಡುವವರಲ್ಲಿ ಕೇಳಿ, ಆದರೆ ಬಾಡಿಗೆ ಕೋಟಿಗೆ ಹೊಲಿಗೆ ಹಾಕಬಾರದು, ಪಿನ್ನು ಮಾತ್ರ. ಹಗ್ಗಕ್ಕೆ ಮಂಡಿಪೇಟೆಯಂಥ ಜಾಗ ಸಾಕು. ಹತ್ತಿಯ ಹಗ್ಗ ತೆಗೆದುಕೊಳ್ಳಿ, 12 ಮಿಲಿಮೀಟರ್ ದಪ್ಪದ್ದು. ತೆಂಗಿನ ನಾರಿನದು ಕುತ್ತಿಗೆ ಕೈ ಎಲ್ಲ ಕೆರೆಸುತ್ತದೆ. ನೈಲಾನ್ ಹೊಳೆಯುತ್ತದೆ, ಕಲ್ಲಿನಂತೆ ಕಾಣುವುದಿಲ್ಲ.

ಕೋಟು ತೊಟ್ಟು ಗುಂಡಿ ಹಾಕಿ ಎದೆಯ ಸುತ್ತಳತೆ ಅಳೆಯಿರಿ. ನನ್ನದು 104 ಸೆಂಟಿಮೀಟರ್ ಬಂತು. ತುದಿ ಮಡಚಲು 6 ಸೆಂಟಿಮೀಟರ್ ಸೇರಿಸಿದೆ, ಒಂದು ಸುತ್ತಿಗೆ 110. ಏಳಕ್ಕೆ 7.7 ಮೀಟರ್. ಅಂಗಡಿಯಲ್ಲಿ 9 ಮೀಟರ್ ಕೇಳಿ, ಕತ್ತರಿಸುವಾಗ ತಪ್ಪಿದರೆ ಇರಲಿ.

ಏಳೂ ತುಂಡನ್ನು, ಅದು ಕೂರುವ ಜಾಗದ ಸುತ್ತಳತೆ ನೋಡಿಕೊಂಡು, ಬೇರೆ ಬೇರೆಯಾಗಿ ಕತ್ತರಿಸಿ. ಇದೇ ಮುಖ್ಯ. ಕೋಟೆಯಲ್ಲೂ ಏಳು ಬೇರೆ ಬೇರೆ ಸುತ್ತು ತಾನೇ? ತುದಿ ಬಿಚ್ಚಿಕೊಳ್ಳದಂತೆ ದಪ್ಪ ದಾರ ಬಿಗಿದು ಸುತ್ತಿ. ಪ್ರತಿ ತುಂಡಿನ ಒಂದು ತುದಿಗೆ ದೊಡ್ಡ ಹುಕ್ಕು, ಇನ್ನೊಂದಕ್ಕೆ ಅದರ ಕೊಂಡಿ ಹೊಲಿಯಿರಿ.

ಈಗ ಕಂಕುಳಿಂದ ಸ್ವಲ್ಪ ಕೆಳಗೆ ಸೀಮೆಸುಣ್ಣದಲ್ಲಿ ಮೊದಲ ಗೆರೆ ಎಳೆದು, 6 ಸೆಂಟಿಮೀಟರಿಗೆ ಒಂದರಂತೆ ಇನ್ನೂ ಆರು ಗೆರೆ ಎಳೆಯಿರಿ. ಮೇಲಿನಿಂದ ಕೆಳಕ್ಕೆ ಒಟ್ಟು 36 ಸೆಂಟಿಮೀಟರ್ ಆಗುತ್ತದೆ. ಈ ಅಂತರ ಕಮ್ಮಿ ಮಾಡಬೇಡಿ. ಬೆರಳಿಟ್ಟು ಎಣಿಸುವಷ್ಟು ಜಾಗ ಇರಬೇಕು. ಗೆರೆಯ ಮೇಲೆ ಹಗ್ಗ ಇಟ್ಟು, ದಬ್ಬಣದಲ್ಲಿ ಐದು ಕಡೆ ಹೊಲಿಯಿರಿ: ಬೆನ್ನ ನಡುವೆ ಒಂದು, ಎರಡು ಪಕ್ಕೆಗೆ ಎರಡು, ಮುಂದೆ ಗುಂಡಿಯ ಆಚೆ ಈಚೆ ಎರಡು. ತೋಳು ಹಗ್ಗದ ಹೊರಗೇ ಉಳಿಯುತ್ತದೆ, ಕೈ ಆಡಿಸಲು ತೊಂದರೆ ಇಲ್ಲ. ಗುಂಡಿ ಹಾಕಿದ ಮೇಲೆ ಏಳು ಹುಕ್ಕು ಹಾಕಿದರೆ ಸುತ್ತು ಪೂರ್ತಿ.

ದುರ್ಗದಲ್ಲಿ ಇಷ್ಟೇ ಸಾಕು. ಬೆಂಗಳೂರಿಗೆ ಹೋಗುವುದಾದರೆ ಕೋಟೆಯ ಸುಳಿವು ಸ್ವಲ್ಪ ಜಾಸ್ತಿ ಬೇಕು. ಹಳೆಯ ಯೋಗ ಮ್ಯಾಟ್ ಕತ್ತರಿಸಿ ಕಾಲರ್ ಮೇಲೆ ಕೋಟೆಯ ತೆನೆ (ಗೋಡೆಯ ಮೇಲಿನ ಹಲ್ಲಿನಂಥ ಸಾಲು) ಮಾಡಿ ನಿಲ್ಲಿಸಿ. ಒಂದೊಂದು ತೆನೆ 4 ಸೆಂಟಿಮೀಟರ್ ಎತ್ತರವಿದ್ದರೆ ಸಾಕು, ಇಲ್ಲದಿದ್ದರೆ ಕೆನ್ನೆಗೆ ಚುಚ್ಚುತ್ತದೆ. (ನನ್ನ ತಂಗಿ ಇದನ್ನು ಹೊಲಿಯುತ್ತಾ, "ಅಣ್ಣಾ, ತೆನೆ ಅಂದ್ರೆ ಜೋಳದ ತೆನೆಯೂ ಹೌದಲ್ವಾ?" ಅಂದಳು. ಒಂದು ತೆನೆಯ ಬದಲು ನಿಜವಾದ ಮೆಕ್ಕೆಜೋಳದ ತೆನೆ ಸಿಕ್ಕಿಸಿದಳು. ದಾವಣಗೆರೆಯ ರೈತರ ಬೆಳೆ ದುರ್ಗದ ಕೋಟೆಯ ಮೇಲೆ ಕೂತಿತು. ನನಗೆ ಬಹಳ ಇಷ್ಟವಾಗಿ ಹಾಗೇ ಬಿಟ್ಟೆ.) ಪ್ರತಿ ಸುತ್ತಿಗೂ ಕಂದು ಬಟ್ಟೆಯ ಪುಟ್ಟ ಬಾಗಿಲು ಅಂಟಿಸಿ, ಆದರೆ ಒಂದರ ಕೆಳಗೆ ಒಂದು ನೇರವಾಗಿ ಬೇಡ. ದುರ್ಗದ ಕೋಟೆಯ ದಾರಿ ನೇರ ಹೋಗುವುದಿಲ್ಲ, ಶತ್ರು ಓಡಿ ಬರದಂತೆ ತಿರುಗಿ ತಿರುಗಿ ಹತ್ತುತ್ತದೆ. ಬಾಗಿಲುಗಳೂ ಹಾಗೇ ಆಚೀಚೆ ಇರಲಿ.

ಎದೆಯ ಜೇಬಿಗೆ ಒಂದು ಸಣ್ಣ ಸೀಳು ಬಿಟ್ಟು ಪಕ್ಕದಲ್ಲಿ ಒನಕೆಯ ಆಕಾರದ ಪೆನ್ ಸಿಕ್ಕಿಸಿ. ಅದು ಓಬವ್ವನ ಕಿಂಡಿ ಎಂದು ದುರ್ಗದವರಿಗೆ ನೀವು ಹೇಳಬೇಕಿಲ್ಲ.

ದೀಪ ಹಾಕುವ ವೇಷ: ಸೀರಿಯಲ್ ಸೊಸೆ

ಇಂಗ್ಲಿಷಿನ ಸೀರಿಯಲ್ ಡಬ್ಬ ನಮಗೆ ಬೇಡ ಅಂದೆನಲ್ಲ, ನಮ್ಮ ಸೀರಿಯಲ್‌ಗೆ ಬೇರೆಯೇ ಎರಡು ಅರ್ಥ ಇವೆ. ಒಂದು, ರಾತ್ರಿ ಟೀವಿಯಲ್ಲಿ ಬರುವುದು. ಇನ್ನೊಂದು, ಗಣಪತಿ ಪೆಂಡಾಲಿಗೆ ಹಾಕುವ ಸೀರಿಯಲ್ ಸೆಟ್. ಜರಿ ಸೀರೆ, ಹಣೆ ತುಂಬ ಕುಂಕುಮ, ಕೈ ತುಂಬ ಬಳೆ, ಅಡುಗೆಮನೆಯಲ್ಲೂ ಒಡವೆ ತೊಟ್ಟ ಸೊಸೆ. ಅವಳ ಸೆರಗಿಗೆ ಸೀರಿಯಲ್ ಸೆಟ್ ಹೊಲಿದು ಮಿನುಗಿಸಿ. ಸಂಜೆಯ ಕಾರ್ಯಕ್ರಮಕ್ಕೆ ಇದರಷ್ಟು ಚೆಂದದ್ದು ಸಿಗುವುದಿಲ್ಲ.

ಒಂದೇ ಒಂದು ಎಚ್ಚರಿಕೆ, ಇದರಲ್ಲಿ ರಾಜಿ ಬೇಡ. ಗೋಡೆಯ ಪ್ಲಗ್ಗಿಗೆ ಹಾಕುವ ಸೀರಿಯಲ್ ಸೆಟ್ಟನ್ನು ಯಾವ ಕಾರಣಕ್ಕೂ ಮೈಮೇಲೆ ಹಾಕಿಕೊಳ್ಳಬೇಡಿ. ಪೆನ್ಸಿಲ್ ಸೆಲ್ಲಿನಲ್ಲಿ ಉರಿಯುವ, ತೆಳು ತಾಮ್ರದ ತಂತಿಯ ಎಲ್‌ಇಡಿ ಸರ ಸಿಗುತ್ತದೆ. ಅದು ಬಿಸಿಯಾಗುವುದು ಕಮ್ಮಿ. ಸೆಲ್ಲಿನ ಡಬ್ಬಿ ಸೊಂಟದ ಪಟ್ಟಿಯಲ್ಲಿ ಇರಲಿ, ಬೆವರು ತಾಗದಂತೆ ಒಂದು ಕವರಿನಲ್ಲಿ. ಪವರ್ ಬ್ಯಾಂಕ್ ಬೇಡ ಎನ್ನುತ್ತೇನೆ. ಇಂಥ ಸಣ್ಣ ಸರ ಎಳೆಯುವ ಕರೆಂಟು ತುಂಬಾ ಕಮ್ಮಿ. ಏನೂ ಹಾಕಿಲ್ಲವೆಂದುಕೊಂಡು ಎಷ್ಟೋ ಪವರ್ ಬ್ಯಾಂಕುಗಳು ತಾವಾಗಿಯೇ ಆಫ್ ಆಗಿಬಿಡುತ್ತವೆ.

ಪದವನ್ನು ಬಗ್ಗಿಸಿ, ವ್ಯಕ್ತಿಯನ್ನಲ್ಲ

ಈ ಭಾಗ ಬರೆಯಲು ನನಗೆ ಹೆಚ್ಚು ಹೊತ್ತು ಹಿಡಿಯಿತು. ಒನಕೆ ಎಂಬ ಪದವನ್ನು ನಿಧಾನವಾಗಿ ಹೇಳಿ ನೋಡಿ: ಒನ್ ಕೆ. ಸಾವಿರ ಫಾಲೋವರ್ಸ್ ಆದಾಗ ಹುಡುಗರು ಬರೆಯುವ ಒನ್ ಕೆ. ಈ ಮಾತಿನಾಟ ಯಾರಿಗಾದರೂ ಥಟ್ಟನೆ ಹೊಳೆಯುತ್ತದೆ. ಮೊಬೈಲ್ ಹಿಡಿದು ಸೆಲ್ಫಿ ತೆಗೆಯುವ ಓಬವ್ವನನ್ನೂ ಮನಸ್ಸು ಕೂಡಲೇ ಕಲ್ಪಿಸುತ್ತದೆ. ಹಾಗೆ ಮಾಡಬೇಡಿ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ನುಸುಳುವಾಗ ಕೈಗೆ ಸಿಕ್ಕ ಒನಕೆಯಲ್ಲಿ ಕೋಟೆ ಕಾದ ಕಾವಲುಗಾರನ ಹೆಂಡತಿ ಆಕೆ. 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಓಬವ್ವ ಜಯಂತಿ ಆಚರಿಸುತ್ತದೆ. ದುರ್ಗದ ಜನಕ್ಕೆ ಆಕೆ ಮನೆಯ ಹಿರಿಯಳು.

ಆದರೆ ಅದೇ ಪದವನ್ನು ಇನ್ನೊಂದು ಕಡೆ ತಿರುಗಿಸಬಹುದು. ಓಟದ ಸ್ಪರ್ಧೆಯಲ್ಲೂ ಒನ್ ಕೆ ಇದೆ, ಒಂದು ಕಿಲೋಮೀಟರ್ ಓಟ. ಕಚ್ಚೆ ಹಾಕಿ ಬಿಗಿಯಾಗಿ ಉಟ್ಟ ಸೀರೆ, ಕಟ್ಟಿದ ತುರುಬು, ಕೈಯಲ್ಲಿ ಹಗುರ ಮರದ ಒನಕೆ, ಎದೆಯ ಮೇಲೆ ಓಟಗಾರರ ಬಿಳಿ ಚೀಟಿಯಲ್ಲಿ "1 ಕೆ". ಈ ಓಬವ್ವ ಓಡುತ್ತಿದ್ದಾಳೆ, ಹಿಂದೆ ಹತ್ತು ಹುಡುಗಿಯರು ಓಡುತ್ತಿದ್ದಾರೆ. ನಗುವೂ ಬರುತ್ತದೆ, ಬೆನ್ನೂ ನೆಟ್ಟಗಾಗುತ್ತದೆ. ಚೀಟಿ ಬರೆಯುವುದು ಬೋರ್ಡು ಹಾಕಿದಂತಲ್ಲವೇ ಎಂದರೆ, ಅಲ್ಲ. ಅದರಲ್ಲಿ ಇರುವುದು ಪದದ ಅರ್ಧ ಮಾತ್ರ, ಉಳಿದರ್ಧ ಕೈಯಲ್ಲಿದೆ.

ಮದಕರಿ ನಾಯಕರ ಹೆಸರಿನಲ್ಲೂ ಎರಡು ಮೂರು ಆಟ ಸಿಗುತ್ತವೆ. ನಾನು ಒಂದನ್ನೂ ತೊಟ್ಟಿಲ್ಲ, ಎಲ್ಲದರಲ್ಲೂ ಪದದ ಜೊತೆ ವ್ಯಕ್ತಿಯೂ ಬಗ್ಗುತ್ತಾರೆ. ಜಾತಿ, ಮೈಬಣ್ಣ, ಅಂಗವೈಕಲ್ಯ ಇವುಗಳ ಮೇಲಿನ ಶ್ಲೇಷೆಯನ್ನು ನೋಟ್‌ಬುಕ್ಕಿನಲ್ಲೇ ಹೊಡೆದುಹಾಕಿ.

ಹೆಜ್ಜೆ 5: ಆ ದಿನ

ವೇಷ ತೊಟ್ಟು ರೈಲು ಹತ್ತಬೇಡಿ. ಮಡಚಿ ದೊಡ್ಡ ಚೀಲದಲ್ಲಿ ಇಟ್ಟುಕೊಂಡು ಹೋಗಿ ಅಲ್ಲಿ ತೊಡಿ. ಜೊತೆಗೆ ಸೂಜಿ ದಾರ, ಹತ್ತು ಸೇಫ್ಟಿ ಪಿನ್ನು, ಫೆವಿಕ್ವಿಕ್, ಡಬಲ್ ಸೈಡ್ ಟೇಪು, ಒಂದು ಬಾಟಲಿ ನೀರು. ಸಮಾವೇಶದ ಬಾಗಿಲಲ್ಲಿ ಕೈಯಲ್ಲಿರುವ ಸಾಮಾನು ತಪಾಸಣೆ ಮಾಡುತ್ತಾರೆ. ಕಬ್ಬಿಣದ ಕತ್ತಿ, ಮೊನಚಾದ ವಸ್ತು ಒಳಗೆ ಬಿಡುವುದಿಲ್ಲ. ಓಬವ್ವನ ಒನಕೆಯನ್ನು ಅಲ್ಲಿಗೆ ಒಯ್ಯುವುದಾದರೆ ರಟ್ಟಿನ ಕೊಳವೆಗೆ ಫೋಮ್ ಸುತ್ತಿ ಮಾಡಿ.

ಫೋಟೋ ತೆಗೆಯುವ ಮುಂಚೆ ಕೇಳುವುದು, ಮುಟ್ಟುವ ಮುಂಚೆ ಕೇಳುವುದು ಇಂಥ ಸಮಾವೇಶಗಳ ಮೊದಲ ನಿಯಮ. ವೇಷ ತೊಟ್ಟವರು ಎಲ್ಲರ ಸ್ವತ್ತಲ್ಲ. ಟೋಪಿ ಹಾಕುವ ವೇಷದವರು ಇದನ್ನು ಇನ್ನೂ ನೆನಪಿಡಿ, "ಅಕ್ಕಾ, ಒಂದು ಟೋಪಿ ಹಾಕ್ಲಾ?" ಎಂದು ಕೇಳಿಯೇ ಹಾಕಿ. ಆ ಪ್ರಶ್ನೆಯಲ್ಲೇ ಅರ್ಧ ನಗು ಇದೆ.

ಯಾರಾದರೂ "ಏನಿದು?" ಎಂದು ಕೇಳಿದರೆ ಉತ್ತರ ಕೊಡಬೇಡಿ, ಸುಳಿವು ಕೊಡಿ. "ಎಣಿಸಿ ನೋಡಿ." "ಜೋರಾಗಿ ಹೇಳಿ ನೋಡಿ." ಕನ್ನಡ ಬಾರದವರು ಕೇಳಿದಾಗ ಮಾತ್ರ ಕೂತು ವಿವರಿಸಿ. ಕೋಟೆಯ ಕಥೆ ಹೇಳಿ, ಪದ ಬಿಡಿಸಿ ಹೇಳಿ. ನಾನು ಹೋಗಿದ್ದ ಸಮಾವೇಶದಲ್ಲಿ ಒಬ್ಬ ಹುಡುಗಿ ಹೀಗೆ ಕೇಳಿಸಿಕೊಂಡು, "ಏಳು ಸುತ್ತಿನ ಕೋಟು" ಎಂಬುದನ್ನು ಮೂರು ಸಲ ತೊದಲಿ ಕಲಿತು, ತನ್ನ ಗುಂಪಿಗೆ ಹೋಗಿ ಹೇಳಿಕೊಟ್ಟಳು.

ಮನೆಗೆ ಬಂದ ಮೇಲೆ

ಬೆವರಿದ ಕೋಟನ್ನು ಹಾಗೇ ಚೀಲದಲ್ಲಿ ಬಿಟ್ಟರೆ ಹತ್ತಿ ಹಗ್ಗಕ್ಕೆ ಬೂಸು ಹಿಡಿಯುತ್ತದೆ. ಮಂಡೆಯ ಅಕ್ಕಿಗೆ ಹುಳ ಬೀಳುತ್ತದೆ, ಆ ಟೋಪಿಯನ್ನು ಇಡಲು ಹೋಗಬೇಡಿ. ಸೀರಿಯಲ್ ಸೆಟ್ಟಿನ ಡಬ್ಬಿಯಿಂದ ಸೆಲ್ ತೆಗೆದಿಡಿ. ಕೋಟಿನ ಹುಕ್ಕುಗಳನ್ನೆಲ್ಲ ಬಿಚ್ಚಿ, ನೆರಳಿನಲ್ಲಿ ಒಂದು ದಿನ ಹ್ಯಾಂಗರಿಗೆ ಹಾಕಿ. ಒಗೆಯಬೇಕಿದ್ದರೆ ಐದೂ ಕಡೆಯ ಹೊಲಿಗೆ ಬಿಚ್ಚಿ ಹಗ್ಗ ಬೇರೆ ಮಾಡಿ, ಪ್ರತಿ ತುಂಡಿನ ತುದಿಯ ದಾರದ ಮೇಲೆ ಒಂದರಿಂದ ಏಳರವರೆಗೆ ಅಂಕಿ ಬರೆದಿಡಿ. ಎದೆಯ ಸುತ್ತು, ಸೊಂಟದ ಸುತ್ತು ಒಂದೇ ಅಳತೆ ಇರುವುದಿಲ್ಲ. ಅಂಕಿ ಇದ್ದರೆ ಮುಂದಿನ ಸಲ ಅರ್ಧ ಗಂಟೆಯಲ್ಲಿ ಕೋಟೆ ಮತ್ತೆ ಎದ್ದು ನಿಲ್ಲುತ್ತದೆ.